ದುಡಿದು ಕೆಟ್ಟ ಮೈಗೆ ಸಾಕ್ಷಿ ಯಾರು?

ನಗರದ ನೌಕರನೊಬ್ಬನು ಕೆಲಸದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡರೆ ನಗರವು ಅವನ ಹೊಟ್ಟೆಬಟ್ಟೆಯ ಹೊಣೆ ಹೊರಬೇಕೆಂಬ ವಿಷಯದಲ್ಲಿ ಈಗ ಯಾರಿಗೂ ಭಿನ್ನಾಭಿಪ್ರಾಯವಿದ್ದಂತೆ ತೋರುವುದಿಲ್ಲ. ಕಾಯಿದೆಯೂ ಅದನ್ನು ಒಪ್ಪಿದೆ; ಸಭೆಗಳಲ್ಲಿ ಭಾಷಣ ಮಾಡುವವರೂ ಒಪ್ಪಿದ್ದಾರೆ. ತಕರಾರು ಏಳುವುದು ಅದರ ಮುಂದಿನ ಮೆಟ್ಟಿಲಿನಲ್ಲಿ. ಅವನ ಮೈ ಕೆಟ್ಟುದು ಕೆಲಸದಿಂದಲೇ ಎಂದು ತೀರ್ಮಾನಿಸುವವರು ಯಾರು? ಯಾವ ಆಧಾರದ ಮೇಲೆ? ಸಂಶಯ ಉಳಿದಾಗ ಅದರ ಲಾಭ ಯಾರಿಗೆ ಸೇರಬೇಕು? ಅರ್ಥಶಾಸ್ತ್ರದ ತರಗತಿಯಲ್ಲಿ ಸಾಮಾಜಿಕ ಭದ್ರತೆಯ ಅಧ್ಯಾಯವನ್ನು ಓದಿದ ನಾವೆಲ್ಲರೂ ಯೋಜನೆಗಳ ಹೆಸರನ್ನೂ ಇಸವಿಗಳನ್ನೂ ಬಾಯಿಪಾಠ ಮಾಡಿದ್ದೇವೆ. ಈ ಪ್ರಶ್ನೆ ಮಾತ್ರ ಯಾವ ಪ್ರಶ್ನಪತ್ರಿಕೆಯಲ್ಲಿಯೂ ಬಂದುದನ್ನು ನಾನು ಕಂಡಿಲ್ಲ. ಬಡವನ ಮಟ್ಟಿಗಾದರೋ ಇಡೀ ಕಾಯಿದೆಯೆಂದರೆ ಇದೊಂದೇ ಪ್ರಶ್ನೆ.

ನಮ್ಮ ದೇಶದಲ್ಲಿ ಇದರ ಮೂಲ 1923ರ ಕಾರ್ಮಿಕರ ಪರಿಹಾರ ಕಾಯಿದೆ. 1924ರ ಜುಲೈ 1ರಿಂದ ಅದು ಜಾರಿಗೆ ಬಂತು. ಅಪಘಾತವು ಕೆಲಸದ ದೆಸೆಯಿಂದ ಹಾಗೂ ಕೆಲಸದ ಅವಧಿಯಲ್ಲಿ ಒದಗಿರಬೇಕೆಂಬುದೇ ಅದರ ಜೀವಾಳ. 2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಗೆ ಬಂದು ಹಳೆಯ ಕಾಯಿದೆಯ ಸ್ಥಾನವನ್ನು ಹಿಡಿದಿದೆ; ಈ ಜೀವಾಳ ಮಾತ್ರ ಬದಲಾಗಿಲ್ಲ. ಎರಡು ಮೂರು ಶಬ್ದಗಳ ಈ ಮಾತಿನ ಮೇಲೆ ನೂರು ವರ್ಷಗಳಿಂದ ನ್ಯಾಯಾಲಯಗಳಲ್ಲಿ ಜಗ್ಗಾಟ ನಡೆದಿದೆ.

ಒಂದು ಮೊಕದ್ದಮೆಯನ್ನು ಹೇಳುತ್ತೇನೆ. ಬೊಂಬಾಯಿ ಮಹಾನಗರಪಾಲಿಕೆಯ ಬಸ್ಸು ಸಂಸ್ಥೆಯಲ್ಲಿ ಚಾಲಕನಾಗಿದ್ದವನೊಬ್ಬ 1957ರ ಜುಲೈ 20ರ ಸಂಜೆ ಜೋಗೇಶ್ವರಿ ಡಿಪೋದಲ್ಲಿ ತನ್ನ ಬಸ್ಸನ್ನು ಬಿಟ್ಟು, ಸಾಂತಾಕ್ರೂಜ಼್‌ನಲ್ಲಿದ್ದ ಮನೆಗೆ ಹೋಗಲು ಅದೇ ಸಂಸ್ಥೆಯ ಇನ್ನೊಂದು ಬಸ್ಸನ್ನು ಹತ್ತಿದ. ಆ ಬಸ್ಸು ನಿಂತ ಲಾರಿಗೆ ಬಡಿಯಿತು. ಚಾಲಕನು ರಸ್ತೆಗೆ ಎಸೆಯಲ್ಪಟ್ಟು, ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಹೆಂಡತಿ ಪರಿಹಾರ ಕೇಳಿದಾಗ ಸಂಸ್ಥೆಯವರ ವಾದ ಬಹಳ ಸರಳವಾಗಿತ್ತು: ಅವನ ಪಾಳಿ ಮುಗಿದಿತ್ತು, ಆಗ ಅವನು ನೌಕರನಲ್ಲ, ಒಬ್ಬ ಪ್ರಯಾಣಿಕ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1963ರಲ್ಲಿ ಆ ನ್ಯಾಯಾಲಯವು ಹೇಳಿದುದರ ಸಾರವೇನೆಂದರೆ, ವಿಶಾಲವಾದ ನಗರದಲ್ಲಿ ಚಾಲಕನು ಹೊತ್ತಿಗೆ ಸರಿಯಾಗಿ ಬರುವುದೂ ದಣಿಯದೆ ಮನೆ ಸೇರುವುದೂ ಸಂಸ್ಥೆಯ ಕೆಲಸಕ್ಕೇ ಬೇಕಾದುವು. ಅದಕ್ಕಾಗಿಯೇ ಅವನಿಗೆ ಬಸ್ಸಿನಲ್ಲಿ ಓಡಾಡುವ ಸೌಕರ್ಯ. ಆದುದರಿಂದ ಆ ಪ್ರಯಾಣವೂ ಕೆಲಸದ ಅವಧಿಯೇ. ಆ ವಿಧವೆ ಗೆದ್ದಳು. ಆದರೆ ವಾಚಕರು ಇಸವಿಗಳನ್ನು ಗಮನಿಸಬೇಕು. ಗಂಡ ಸತ್ತುದು 1957ರಲ್ಲಿ, ಕೊನೆಯ ಮಾತು ಬಂದುದು 1963ರಲ್ಲಿ. ಆರು ವರ್ಷ ಆ ಮನೆಯ ಒಲೆ ಹೇಗೆ ಉರಿಯಿತೆಂಬುದು ತೀರ್ಪಿನ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಹೊಸ ಸಂಹಿತೆಯಲ್ಲಿ, ಮನೆಯಿಂದ ಕೆಲಸಕ್ಕೆ ಹೋಗುವಾಗಲೂ ಕೆಲಸ ಮುಗಿಸಿ ಮನೆಗೆ ಬರುವಾಗಲೂ ಆಗುವ ಅಪಘಾತಗಳು, ಸಮಯ ಸ್ಥಳ ಸಂದರ್ಭಗಳಿಗೂ ಕೆಲಸಕ್ಕೂ ಸಂಬಂಧವಿದ್ದರೆ, ಕೆಲಸದಿಂದಾದುವೆಂದೇ ಎಣಿಕೆಯಾಗುತ್ತವೆ. ಆ ಹೆಂಗಸು ಆರು ವರ್ಷ ಕಾದು ಗೆದ್ದುದು ಈಗ ಕಾಯಿದೆಯ ಪುಟವನ್ನೇ ಸೇರಿದೆ. ಇದು ಸಂತೋಷದ ಮಾತು.

ಅಪಘಾತವಾದರೆ ಒಂದು ದಿನ, ಒಂದು ಗಂಟೆ, ನಾಲ್ಕು ಜನ ನೋಡಿದವರು ಇರುತ್ತಾರೆ. ನನಗೆ ಹೆಚ್ಚು ಚಿಂತೆಯಿರುವುದು ದಿನವೂ ಗಂಟೆಯೂ ಇಲ್ಲದ ಕೇಡಿನ ವಿಷಯದಲ್ಲಿ. ಪೌರಕಾರ್ಮಿಕಳೊಬ್ಬಳು ಇಪ್ಪತ್ತು ವರ್ಷ ಬೆಳಗಿನ ಜಾವ ಬೀದಿ ಗುಡಿಸುತ್ತಾಳೆ. ಇಪ್ಪತ್ತೊಂದನೆಯ ವರ್ಷ ಅವಳಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ, ಬಗ್ಗಿದರೆ ಏಳಲಾಗುವುದಿಲ್ಲ. ಇದು ಯಾವ ತಾರೀಖಿನ ಅಪಘಾತ? ಕಾಯಿದೆಯು ಇಂತಹವರನ್ನು ಪೂರ್ತಿ ಮರೆತಿದೆಯೆಂದು ಹೇಳಿದರೆ ಸುಳ್ಳಾಗುತ್ತದೆ. 1923ರ ಕಾಯಿದೆಯಲ್ಲಿಯೇ ಔದ್ಯೋಗಿಕ ರೋಗಗಳ ಪಟ್ಟಿಯೊಂದಿತ್ತು. ಹೊಸ ಸಂಹಿತೆಯಲ್ಲಿಯೂ ಇದೆ. ಪಟ್ಟಿಯಲ್ಲಿ ಹೆಸರಿರುವ ರೋಗವು ಹೆಸರಿರುವ ಕಸುಬಿನವನಿಗೆ ಬಂದರೆ, ಅಲ್ಲವೆಂದು ಸಾಬೀತಾಗುವವರೆಗೆ, ಅದು ಕೆಲಸದಿಂದ ಬಂದುದೆಂದೇ ಭಾವಿಸಬೇಕು. ಕಲ್ಲುಧೂಳಿನ ಸಿಲಿಕೋಸಿಸ್, ಹತ್ತಿಧೂಳಿನ ಬಿಸಿನೋಸಿಸ್ ಮುಂತಾದುವು ಆ ಪಟ್ಟಿಯಲ್ಲಿವೆ. ಬೀದಿ ಗುಡಿಸುವವಳ ಬೆನ್ನು ಅದರಲ್ಲಿಲ್ಲ. ಅವಳ ಹಳೆಯ ಕೆಮ್ಮಿಗೂ ಅಲ್ಲಿ ಹೆಸರಿಟ್ಟು ಕೊಟ್ಟ ಜಾಗವಿಲ್ಲ. ಪಟ್ಟಿ ಹುಟ್ಟಿದುದು ಗಿರಣಿ, ಗಣಿ, ಕಾರ್ಖಾನೆಗಳನ್ನು ಕಣ್ಣೆದುರಿಗಿಟ್ಟುಕೊಂಡು. ಬೀದಿಯೂ ಒಂದು ಕಾರ್ಖಾನೆಯೆಂಬುದು ಅದನ್ನು ಬರೆದವರಿಗೆ ಹೊಳೆಯಲಿಲ್ಲ. ಪಟ್ಟಿಯ ಹೊರಗಿನವಳು ತನ್ನ ಎದೆಯೊಳಗಿನ ಧೂಳು ಮನೆಯ ಒಲೆಯದಲ್ಲ, ಬೀದಿಯದು ಎಂದು ತಾನೇ ಸಾಬೀತು ಮಾಡಬೇಕು. ವೈದ್ಯಶಾಸ್ತ್ರದ ಪಂಡಿತರಿಗೂ ಕಷ್ಟವಾದ ಈ ಕೆಲಸವನ್ನು ನಾವು ಹೆಬ್ಬೆಟ್ಟು ಒತ್ತುವವಳಿಗೆ ವಹಿಸಿದ್ದೇವೆ.

ಸಾಬೀತು ಮಾಡುವುದೆಂದರೇನೆಂದು ತಿಳಿಯದವರಿಗಾಗಿ ನಾನು ಬಲ್ಲ ಒಂದು ಸಂಗತಿಯನ್ನು ಹೇಳುತ್ತೇನೆ. ಒಂದು ಊರಿನ ನೀರು ಬಿಡುವ ನೌಕರ. ಊರಿನ ಹೆಸರು ಬೇಡ. ನಸುಕಿನಲ್ಲಿ ವಾಲ್ವು ತಿರುಗಿಸಲು ಗುಂಡಿಗೆ ಇಳಿದಾಗ ಮೇಲಿನ ಕಬ್ಬಿಣದ ಮುಚ್ಚಳ ಜಾರಿ ಬಿದ್ದು ಅವನ ಬಲಗೈಯ ಬೆರಳುಗಳು ಜಜ್ಜಿಹೋದುವು. ಕಚೇರಿಯವರು ಹಾಜರಿ ಪುಸ್ತಕ ತೆಗೆದು, ಆ ದಿನ ಅವನ ರುಜುವಿಲ್ಲವೆಂದರು. ರುಜು ಹೇಗಿರಬೇಕು? ನೀರು ಬಿಡುವುದು ನಾಲ್ಕು ಗಂಟೆಗೆ, ಕಚೇರಿಯ ಬಾಗಿಲು ತೆರೆಯುವುದು ಹತ್ತಕ್ಕೆ. ಪ್ರತಿದಿನ ಅವನು ಕೆಲಸ ಮುಗಿಸಿ ಬಂದು ರುಜು ಹಾಕುತ್ತಿದ್ದ. ಆ ದಿನ ಹತ್ತು ಗಂಟೆಗೆ ಅವನು ಆಸ್ಪತ್ರೆಯಲ್ಲಿದ್ದ. ಆ ಬೀದಿಯ ನಲ್ಲಿಗಳಲ್ಲಿ ಅಂದು ನೀರು ಬಂದುದೇ ಸಾಕ್ಷಿಯಲ್ಲವೇ ಎಂದು ಅವನ ಮಗ ಕೇಳಿದನಂತೆ. ಗುಮಾಸ್ತರು ನಕ್ಕು, ನಲ್ಲಿಯನ್ನು ಕರೆದುಕೊಂಡು ಬಾ ಎಂದರಂತೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಇಂತಹ ಕಡೆಯಲ್ಲಿಯೇ ಹುಟ್ಟಿರಬೇಕು.

ಈ ಪ್ರಶ್ನೆಯನ್ನು ಬಹಳ ಕೆದಕಿ ನೋಡಿದ ನಗರವೊಂದಿದೆ, ಅದು ನ್ಯೂಯಾರ್ಕ್. ನಮ್ಮಲ್ಲಿ ಪೋಲೀಸರು ರಾಜ್ಯ ಸರ್ಕಾರದವರು; ಅಲ್ಲಿ ಪೋಲೀಸಿನವನೂ ಬೆಂಕಿ ಆರಿಸುವವನೂ ನಗರದ ನೌಕರರೇ. ಪೋಲೀಸಿನವನು ದುಡಿಯಲಾಗದೆ ಹೋದರೆ ಮೊದಲು ಮೂವರು ವೈದ್ಯರ ಮಂಡಳಿ ಅವನನ್ನು ಪರೀಕ್ಷಿಸುತ್ತದೆ. ಅನಂತರ ಪ್ರಶ್ನೆ ಪಿಂಚಣಿ ನಿಧಿಯ ಧರ್ಮದರ್ಶಿಗಳ ಮುಂದೆ ಬರುತ್ತದೆ. ಅಲ್ಲಿ ಹನ್ನೆರಡು ಮತಗಳು. ಆರು ನಗರದ ಪಕ್ಷದವು, ಆರು ನೌಕರ ಸಂಘಗಳವು. ಬರಿಯ ಅಶಕ್ತತೆಯಾದರೆ ಒಂದು ಪಿಂಚಣಿ. ಕರ್ತವ್ಯದಲ್ಲಿ ಅಪಘಾತದಿಂದ ಬಂದ ಅಶಕ್ತತೆಯಾದರೆ ಸಂಬಳದ ಮುಕ್ಕಾಲು ಭಾಗದ ದೊಡ್ಡ ಪಿಂಚಣಿ. ಆರಕ್ಕೆ ಆರು ಸಮವಾದರೆ ದೊಡ್ಡದು ಸಿಗುವುದಿಲ್ಲ, ಸಣ್ಣದು ಸಿಗುತ್ತದೆ. ಮುಂದೆ ನ್ಯಾಯಾಲಯದ ಬಾಗಿಲು.

ಹೀಗಿರುವುದರಿಂದ ‘ಅಪಘಾತ’ವೆಂಬ ಒಂದೇ ಶಬ್ದದ ಮೇಲೆ ಒಬ್ಬನ ಬಾಳು ನಿಲ್ಲುತ್ತದೆ. ತಪ್ಪಾಗಿ ನಿಲ್ಲಿಸಿದ ಕಾರಿನ ಗಾಜಿಗೆ ದಂಡದ ಚೀಟಿ ಸಿಕ್ಕಿಸಲು ಬಾಗಿದಾಗ ಒಬ್ಬನ ಬೆನ್ನು ಹಿಡಿದುಕೊಂಡಿತು. ಅದು ದಿನದ ಕೆಲಸ, ಅಪಘಾತವಲ್ಲವೆಂದು ಅಲ್ಲಿಯ ಉಚ್ಚ ನ್ಯಾಯಪೀಠ 1982ರಲ್ಲಿ ಹೇಳಿತು. ಎರಡು ವರ್ಷಗಳ ನಂತರ ಅದೇ ಪೀಠದ ಮುಂದೆ ಇನ್ನಿಬ್ಬರು ಬಂದರು. ಒಬ್ಬ ಏಳುವಾಗ ಜೊತೆಯವನ ಭುಜದ ಮೇಲೆ ಕೈಯೂರಿದ, ಜೊತೆಯವನು ಸರಿದುಬಿಟ್ಟ, ಇವನು ಬಿದ್ದ. ಇನ್ನೊಬ್ಬ ಕಾರು ಹತ್ತುವಾಗ ಒದ್ದೆ ನೆಲದಲ್ಲಿ ಜಾರಿದ. ಎರಡೂ ಅನಿರೀಕ್ಷಿತ, ಆದುದರಿಂದ ಅಪಘಾತವೆಂದು 1984ರಲ್ಲಿ ತೀರ್ಪಾಯಿತು. ತರ್ಕಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ದೋಷ ಕಾಣದಿರಬಹುದು. ನನಗಂತೂ ವಿಚಿತ್ರವೆನಿಸುತ್ತದೆ: ಕೆಲಸವನ್ನೇ ಮಾಡುತ್ತ ಬೆನ್ನು ಮುರಿದುಕೊಂಡವನಿಗೆ ಕಡಮೆ, ಏಳುವಾಗ ಬಿದ್ದವನಿಗೆ ಹೆಚ್ಚು! ಈ ವಿಂಗಡಣೆಯನ್ನು ನಾವು ಅಲ್ಲಿಂದ ಎರವಲು ತರಬೇಕಾದುದಿಲ್ಲ.

ತರಬೇಕಾದುದು ಬೇರೆ ಇದೆ. ಪೋಲೀಸಿನವರಿಗೂ ಬೆಂಕಿ ಆರಿಸುವವರಿಗೂ ಹೃದ್ರೋಗ ಬಂದರೆ, ಅಲ್ಲವೆಂದು ತಕ್ಕ ಸಾಕ್ಷ್ಯದಿಂದ ತೋರಿಸುವವರೆಗೆ ಅದು ಕೆಲಸದಿಂದಲೇ ಬಂತೆಂದು ಭಾವಿಸುವ ಕಾಯಿದೆಯೊಂದು ಅಲ್ಲಿದೆ. 2001ರ ಸೆಪ್ಟೆಂಬರ್ 11ರಂದು ಜೋಡಿ ಗೋಪುರಗಳು ಕುಸಿದ ಮೇಲೆ ತಿಂಗಳುಗಟ್ಟಲೆ ಆ ಧೂಳಿನಲ್ಲಿ ದುಡಿದವರಿಗೆ ವರ್ಷಗಳು ಕಳೆದ ಮೇಲೆ ಶ್ವಾಸಕೋಶದ ರೋಗಗಳೂ ಕ್ಯಾನ್ಸರೂ ಕಾಣಿಸಿಕೊಂಡುವು. ಯಾರ ರೋಗಕ್ಕೆ ಆ ಧೂಳು ಕಾರಣ, ಯಾರದಕ್ಕಲ್ಲ? ವೈದ್ಯರಲ್ಲಿಯೇ ಒಮ್ಮತವಿರಲಿಲ್ಲ. 2006ರಲ್ಲಿ ತೀರಿಕೊಂಡ ಜೇಮ್ಸ್ ಝಡ್ರೋಗಾ ಎಂಬ ಪತ್ತೇದಾರನ ಶವವನ್ನು ಪರೀಕ್ಷಿಸಿದ ಒಬ್ಬ ವೈದ್ಯರು ಆ ಧೂಳೇ ಕಾರಣವೆಂದರು. ನಗರದ ಮುಖ್ಯ ಶವಪರೀಕ್ಷಕರು 2007ರಲ್ಲಿ ಅಲ್ಲವೆಂದರು. 2011ರ ಜನವರಿಯಲ್ಲಿ ಅವನ ಹೆಸರಿನಲ್ಲಿಯೇ ಅಮೆರಿಕದ ಕೇಂದ್ರ ಸರ್ಕಾರದ ಪರಿಹಾರದ ಕಾಯಿದೆಯೊಂದು ಬಂತು. ಅದಕ್ಕೂ ಮುಂಚೆ, 2005ರಲ್ಲಿ, ನ್ಯೂಯಾರ್ಕ್ ರಾಜ್ಯವು ಪಿಂಚಣಿಯ ವಿಷಯದಲ್ಲಿ ಬೇರೊಂದು ದಾರಿ ಹಿಡಿದಿತ್ತು: ಆ ಸ್ಥಳದಲ್ಲಿ ಗೊತ್ತಾದಷ್ಟು ಹೊತ್ತು ದುಡಿದವನಿಗೆ ಗೊತ್ತಾದ ರೋಗ ಬಂದರೆ ಅದು ಅಲ್ಲಿಂದಲೇ ಬಂತೆಂದು ಭಾವಿಸತಕ್ಕದ್ದು. 2012ರಲ್ಲಿ ಉಚ್ಚ ನ್ಯಾಯಪೀಠ ಇದನ್ನು ಇನ್ನೂ ಬಿಗಿ ಮಾಡಿತು. ನೌಕರನು ಕಾರಣವನ್ನು ತೋರಿಸಲಿಲ್ಲವೆಂದು ನಿಧಿಯವರು ಹೇಳಿದರೆ ಸಾಲದು. ಕಾರಣ ಬೇರೆಯೆಂದು ಅವರೇ ಸಾಕ್ಷ್ಯ ತರಬೇಕು. ಸಂಶಯದ ಭಾರ ನೌಕರನ ಹೆಗಲಿನಿಂದ ನಗರದ ಹೆಗಲಿಗೆ ದಾಟಿತು.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ನನ್ನ ಸ್ನೇಹಿತರೊಡನೆ ಈ ವಿಷಯ ಚರ್ಚಿಸಿದಾಗ ಅವರು ಮೊದಲು ಕೇಳಿದುದು, ಹೀಗೆ ಮಾಡಿದರೆ ಸುಳ್ಳು ಹೇಳುವವರು ಹೆಚ್ಚುವುದಿಲ್ಲವೇ ಎಂದು. ಹೆಚ್ಚಬಹುದು. 2014ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿಯೇ, ಇಲ್ಲದ ಕಾಯಿಲೆ ನಟಿಸಿ ಅಶಕ್ತರ ಹಣ ತಿಂದರೆಂದು ನೂರಕ್ಕೂ ಹೆಚ್ಚು ಜನರ ಮೇಲೆ ಆಪಾದನೆ ಬಂತು. ಅವರಲ್ಲಿ ಬಹಳ ಮಂದಿ ನಿವೃತ್ತ ಪೋಲೀಸರು. ಆದರೆ ಆ ಹಣ ನಗರದ ಪಿಂಚಣಿಯದಲ್ಲ, ಕೇಂದ್ರದ ಸಾಮಾಜಿಕ ಭದ್ರತೆಯದು. ಅವರ ಸುಳ್ಳು ರೋಗವೇ ಇದೆಯೆಂಬುದರಲ್ಲಿತ್ತೇ ಹೊರತು ರೋಗ ಎಲ್ಲಿಂದ ಬಂತೆಂಬುದರಲ್ಲಿರಲಿಲ್ಲ. ರೋಗವಿದೆಯೇ ಎಂಬುದನ್ನು ವೈದ್ಯರು ಎಷ್ಟು ಕಟ್ಟುನಿಟ್ಟಾಗಿ ಬೇಕಾದರೂ ಪರೀಕ್ಷಿಸಲಿ, ನನ್ನ ತಕರಾರಿಲ್ಲ.

ಇನ್ನೊಂದು ಆಕ್ಷೇಪಣೆ ಹಣದ್ದು. ಪುರಸಭೆಯ ಬೊಕ್ಕಸ ಬಡವಾದುದು ನಿಜ. ಆದರೆ ಪುರಸಭೆ ಕೊಡದಿದ್ದ ಮಾತ್ರಕ್ಕೆ ಆ ಖರ್ಚು ಮಾಯವಾಗುವುದಿಲ್ಲ. ತಾಯಿಯ ಉಸಿರು ಕಟ್ಟಿದ ಮನೆಯಲ್ಲಿ ಮಗಳು ಕಾಲೇಜು ಬಿಟ್ಟು ಅದೇ ಪೊರಕೆಯನ್ನು ಹಿಡಿಯುತ್ತಾಳೆ. ನಮ್ಮ ತರಗತಿಗಳಲ್ಲಿ ಮೊದಲ ವರ್ಷ ಇದ್ದು ಎರಡನೆಯ ವರ್ಷ ಕಾಣದ ಮುಖಗಳನ್ನು ಅಧ್ಯಾಪಕರು ಬಲ್ಲರು.

ಶೇಕಡಾ ಲೆಕ್ಕದ ವಿಷಯವಾಗಿಯೂ ಒಂದು ಮಾತು. ಕಾಯಿದೆಯ ಪಟ್ಟಿಯಂತೆ ಹೆಬ್ಬೆರಳು ಹೋದರೆ ನೂರಕ್ಕೆ 30, ಒಂದು ಕಣ್ಣು ಹೋಗಿ ಇನ್ನೊಂದು ಸರಿಯಾಗಿದ್ದರೆ ನೂರಕ್ಕೆ 40ರಷ್ಟು ದುಡಿಮೆಯ ಶಕ್ತಿ ನಷ್ಟವಾಯಿತೆಂದು ಎಣಿಕೆ. ಎಣಿಕೆ ಬೇಕು, ಒಪ್ಪಿದೆ. ಆದರೆ ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆಯಲ್ಲಿ, ಒಂದೇ ಕೈಯಿಂದ ಬಡಗಿಯ ಕೆಲಸ ಮಾಡಲಾಗದ್ದರಿಂದ ಅವನ ನಷ್ಟ ಪೂರ್ತಿ ನೂರೆಂದು ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಅಳೆಯಬೇಕಾದುದು ಮೈಯನ್ನಲ್ಲ, ಆ ಮೈ ಮಾಡುತ್ತಿದ್ದ ಕಸುಬನ್ನು. ವಾಲ್ವು ತಿರುಗಿಸುವವನ ಬಲಗೈಗೂ ಗುಮಾಸ್ತರ ಬಲಗೈಗೂ ಒಂದೇ ಕೋಷ್ಟಕ ಸಾಲದು.

ಮಲದ ಗುಂಡಿಗೆ ಇಳಿದು ಸತ್ತವರಿಗೆ 30 ಲಕ್ಷ ರೂಪಾಯಿ, ಶಾಶ್ವತವಾಗಿ ಅಶಕ್ತರಾದವರಿಗೆ 20 ಲಕ್ಷಕ್ಕೆ ಕಡಮೆಯಿಲ್ಲದ ಪರಿಹಾರವೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಇಷ್ಟು ಹೊತ್ತಿಗಾದರೂ ಇದು ಬಂತಲ್ಲ ಎನ್ನಬೇಕು. ಒಂದೇ ದಿನ ಬಿದ್ದವನನ್ನು ದೇಶ ನೋಡಿತು. ದಿನಕ್ಕಿಷ್ಟು ಎಂದು ಸವೆಯುವವಳನ್ನು ಇನ್ನೂ ನೋಡಬೇಕಾಗಿದೆ.

ನನ್ನ ಅಭಿಪ್ರಾಯದಲ್ಲಿ ರಾಜ್ಯವು ಮೊದಲು ಮಾಡಬೇಕಾದ ಕೆಲಸ ಒಂದೇ. ನಗರದ ಬೀದಿ, ಚರಂಡಿ, ಕಸದ ಗಾಡಿಗಳಲ್ಲಿ ಇಂತಿಷ್ಟು ವರ್ಷ ದುಡಿದವರಿಗೆ ಉಸಿರಿನ ಬೇನೆಯೋ ಬೆನ್ನು ಮೊಣಕಾಲುಗಳ ಕೇಡೋ ಬಂದರೆ, ಅದು ಕೆಲಸದಿಂದಲೇ ಬಂತೆಂದು ಭಾವಿಸಬೇಕು. ಅಲ್ಲವೆನ್ನುವ ನಗರಸಭೆ ಅದನ್ನು ತೋರಿಸಲಿ. ವರ್ಷ ಹತ್ತೇ ಹದಿನೈದೇ ಎಂಬುದನ್ನು ವೈದ್ಯರು ಕೂತು ಗೊತ್ತು ಮಾಡಬಹುದು. ಕೊಡುವುದನ್ನು ಒಂದೇ ಮೊಬಲಗಾಗಿ ಕೊಡದೆ ತಿಂಗಳು ತಿಂಗಳು ಕೊಡುವುದು ಮೇಲು. ಇಡುಗಂಟು ಸಾಲಗಾರರ ಪಾಲಾಗುವುದನ್ನು ನಾವು ಕಂಡಿದ್ದೇವೆ. ತೀರ್ಮಾನಿಸುವ ಮಂಡಳಿಯಲ್ಲಿ ಪೊರಕೆ ಹಿಡಿದು ಬಲ್ಲವರೊಬ್ಬರಾದರೂ ಇರಲಿ. ಇಲ್ಲವೆಂದರೆ ಏಕೆ ಇಲ್ಲವೆಂಬುದನ್ನು ಕನ್ನಡದಲ್ಲಿ ಬರೆದು ಕೊಡಲಿ. ಅಶಕ್ತನಾದವನನ್ನು ಸರ್ಕಾರಿ ಸೇವೆಯಿಂದ ತೆಗೆಯದೆ ಬೇರೆ ಕೆಲಸ ಕೊಡಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಹೇಳುತ್ತದೆ. ಎಷ್ಟು ಪೌರಕಾರ್ಮಿಕರಿಗೆ ಅದು ಗೊತ್ತು?

ಕಾಯಿದೆ ಬದಲಾಗುವವರೆಗೆ ನಾವು ಮಾಡಬಹುದಾದ ಒಂದು ಸಣ್ಣ ಕೆಲಸವೂ ಇದೆ. ಗುತ್ತಿಗೆಯಲ್ಲಿ ದುಡಿದವರಿಗೆ, ಇಷ್ಟು ವರ್ಷ ದುಡಿದೆನೆಂದು ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಗುತ್ತಿಗೆದಾರ ಬದಲಾದಂತೆಲ್ಲ ಪುಸ್ತಕವೂ ಬದಲಾಗುತ್ತದೆ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಬೇಸಿಗೆಯ ರಜೆಯಲ್ಲಿ ಈ ಊರಿನ ಪ್ರತಿಯೊಂದು ಬೀದಿಗೆ ಹೋಗಿ, ಅಲ್ಲಿ ಗುಡಿಸುವವರು ಯಾರು, ಯಾವ ವರ್ಷದಿಂದ, ಈಗ ಮೈ ಹೇಗಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು, ಆ ಬೀದಿಯ ಇಬ್ಬರು ಮನೆಯವರ ರುಜು ಹಾಕಿಸಬಹುದು. ಖರ್ಚು ಒಂದು ನೋಟುಪುಸ್ತಕ, ಎರಡು ಲೇಖನಿ. ಈ ಬೇಸಿಗೆಯಲ್ಲಿಯೇ ತೊಡಗಲು ಮನಸ್ಸುಳ್ಳವರು ಪರೀಕ್ಷೆ ಮುಗಿದ ಮರುದಿನ ಬೆಳಗ್ಗೆ ಆರು ಗಂಟೆಗೆ ಕಾಲೇಜಿನ ಬಾಗಿಲಲ್ಲಿ ನನ್ನನ್ನು ಕಾಣಬಹುದು. ಅದಕ್ಕಿಂತ ತಡವಾದರೆ ಗುಡಿಸುವವರು ಬೀದಿ ಬಿಟ್ಟು ಹೋಗಿರುತ್ತಾರೆ.