ಗಾಳಿ ಇದೆ, ನೀರೆಲ್ಲಿದೆ ಸ್ವಾಮಿ?

ಈಗ ಎಲ್ಲಿ ನೋಡಿದರೂ ಹಸಿರು ಹೈಡ್ರೋಜನ್ ಮಾತೇ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಇದಕ್ಕೆಂದೇ 19,744 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ "ಕರೆಂಟು ಇಲ್ಲೇ ಇದೆಯಲ್ಲ, ಹೈಡ್ರೋಜನ್ನೂ ಇಲ್ಲೇ ಮಾಡಬಹುದಲ್ಲ" ಅನ್ನಿಸುವುದು ಸಹಜ.

ಆದರೆ ನೀರು? ಒಂದು ಕೆಜಿ ಹೈಡ್ರೋಜನ್ನಿಗೆ 9 ಲೀಟರ್ ಶುದ್ಧ ನೀರನ್ನು ಒಡೆಯಬೇಕು. ದಿನಕ್ಕೆ ಒಂದು ಟನ್ ಅಂದರೆ 9,000 ಲೀಟರ್. ಕಾರ್ಖಾನೆಗೆ ಇದು ದೊಡ್ಡ ಲೆಕ್ಕವಲ್ಲ, ಕೊಡ ಹಿಡಿದು ಟ್ಯಾಂಕರ್ ಕಾಯುವವರಿಗೆ ದೊಡ್ಡದೇ. ನರಗುಂದದವರು 1980ರಲ್ಲಿ ಮಲಪ್ರಭಾ ನೀರಾವರಿ ಕರದ ವಿರುದ್ಧ ಸಿಡಿದೆದ್ದವರು, 2015ರಿಂದ ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತವರು. ರೋಣದ ಎರೆ ಹೊಲಗಳಲ್ಲಿ ಮುಗಿಲು ನೋಡಿಯೇ ಬಿತ್ತನೆ. ಇವರ ಮುಂದೆ ಹೋಗಿ ಒಳ್ಳೆ ನೀರು ಕೇಳುವುದು ಹೇಗೆ?

ಕೇಳಬೇಕಾದ್ದು ಹೊಲಸು ನೀರನ್ನು! ಪಕ್ಕದ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ಧಾರವಾಡದಲ್ಲಿ ಹಾಲಿನ ಡೇರಿ ಇದೆ. ಇಂಥ ಕಡೆಯ ತೊಳೆದ ನೀರಿನಲ್ಲಿ ಸಕ್ಕರೆ, ಜಿಡ್ಡು ಎಲ್ಲ ಇರುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ತಿಂದು ಎಲೆಕ್ಟ್ರಾನುಗಳನ್ನು ಒಂದು ಎಲೆಕ್ಟ್ರೋಡಿಗೆ ಕೊಡುತ್ತವೆ. ಮೇಲಿಂದ ಸ್ವಲ್ಪ ಕರೆಂಟು ಹಾಯಿಸಿದರೆ ಇನ್ನೊಂದು ಎಲೆಕ್ಟ್ರೋಡಿನಲ್ಲಿ ಹೈಡ್ರೋಜನ್. ಬರೀ ನೀರು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು, ಇಲ್ಲಿ ಪುಸ್ತಕದ ಲೆಕ್ಕಕ್ಕೆ ಸುಮಾರು 0.14 ಸಾಕು. ನಿಜವಾಗಿ ಮಾಡುವಾಗ ಅದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ, ಆದರೂ ಉಳಿತಾಯವಿದೆ. 2005ರಲ್ಲೇ ಅಮೆರಿಕದ ಬ್ರೂಸ್ ಲೋಗನ್ ತಂಡ ಇದನ್ನು ಮಾಡಿ ತೋರಿಸಿತ್ತು.

ಹಾಗಂತ ಇದು ಮ್ಯಾಜಿಕ್ ಅಲ್ಲ. ಅದೇ ತಂಡ ಮುಂದೆ ಕ್ಯಾಲಿಫೋರ್ನಿಯಾದ ವೈನ್ ಕಾರ್ಖಾನೆಯೊಂದರಲ್ಲಿ 1,000 ಲೀಟರಿನ ತೊಟ್ಟಿ ಇಟ್ಟು ನೋಡಿತು. ಬಂದ ಅನಿಲದಲ್ಲಿ ಹೆಚ್ಚಿನ ಪಾಲು ಮೀಥೇನ್! ಹುಟ್ಟಿದ ಹೈಡ್ರೋಜನ್ನನ್ನು ಬೇರೆ ಸೂಕ್ಷ್ಮಜೀವಿಗಳು ನುಂಗಿಬಿಟ್ಟಿದ್ದವು.

ಸೋತಿತು ಅಂತೀರಾ? ನಾನು ಅನ್ನುವುದಿಲ್ಲ. ಗೋಬರ್ ಗ್ಯಾಸ್ ಕಂಡ ನಮಗೆ ಮೀಥೇನ್ ಹೊಸದೂ ಅಲ್ಲ, ದಂಡವೂ ಅಲ್ಲ. ಜೊತೆಗೆ ಹೊಲಸು ನೀರೂ ಅಷ್ಟಿಷ್ಟು ಸ್ವಚ್ಛವಾಗುತ್ತದೆ. ಸಾಫ್ಟ್‌ವೇರಿನಲ್ಲಿ ನಾವು ಟೆಸ್ಟ್ ಮಾಡದೆ ರಿಲೀಸ್ ಮಾಡುವುದಿಲ್ಲ. ಇಲ್ಲೂ ಅಷ್ಟೇ, ಆ ಸಾವಿರಾರು ಕೋಟಿಯಲ್ಲಿ ಒಂದು ಚೂರು ತೆಗೆದು ನಮ್ಮ ಕಡೆಯ ಒಂದು ಕಾರ್ಖಾನೆಯಲ್ಲಿ ಇಂಥ ತೊಟ್ಟಿ ಇಡಲಿ. ಎಷ್ಟು ಕರೆಂಟು ಹೋಯ್ತು, ಎಷ್ಟು ಅನಿಲ ಬಂತು, ನೀರು ಎಷ್ಟು ತಿಳಿಯಾಯ್ತು ಅಂತ ಲೆಕ್ಕ ಬಯಲಿಗಿಡಲಿ.

ಅಲ್ಲಿವರೆಗೆ ಕುಡಿಯುವ ನೀರಿಗೆ ಮಾತ್ರ ಯಾರೂ ಕೈ ಹಾಕುವುದು ಬೇಡ. ನೀವೇನಂತೀರಿ?