ಬಿಲ್ಲಿಲ್ಲದ ತಂಪು ಅಗ್ಗವಲ್ಲ

ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಜಿಲ್ಲೆಯಲ್ಲಿ, ತೊಗರಿ ವ್ಯವಹಾರಕ್ಕಾಗಿ ಮಣ್ಣೂರ, ಅಫಜಲಪುರಗಳಿಂದ ಕಲಬುರಗಿಗೆ ಹೋಗಿಬರುವ ವರ್ತಕರಿಗೆ ಕಾರಿನ ಎ.ಸಿ. ವಿಲಾಸದ ವಸ್ತುವಲ್ಲ. ಆದರೆ ತಂಪು ಕಡಿಮೆಯಾದಾಗಲೆಲ್ಲ ಗ್ಯಾಸ್ ತುಂಬಿಸಿ, ಬಿಲ್ಲು ಕೇಳದೆ ಹಣ ಕೊಟ್ಟು ಬರುವ ರೂಢಿ ನಮ್ಮಲ್ಲಿದೆ. ಇದರಿಂದ ಆಗುವುದು ಎರಡು ಪಟ್ಟು ನಷ್ಟ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು ಯಂತ್ರದ ನಷ್ಟ. ಎ.ಸಿ. ಗ್ಯಾಸ್ ಡೀಸೆಲ್‌ನಂತೆ ಉರಿದುಹೋಗುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಒಂದೇ ಬೇಸಿಗೆಯಲ್ಲಿ ಅದು ಖಾಲಿಯಾದರೆ ಎಲ್ಲಿಯೋ ಸೋರುತ್ತಿದೆ ಎಂದರ್ಥ. ಡ್ಯಾಶ್‌ಬೋರ್ಡಿನ ಹಿಂದಿರುವ ಇವ್ಯಾಪೊರೇಟರ್, ಗ್ಯಾರೇಜಿನ ಮಾತಿನಲ್ಲಿ ಕೂಲಿಂಗ್ ಕಾಯಿಲ್, ತೆಳು ಅಲ್ಯೂಮಿನಿಯಂನದು. ಧೂಳು, ತೇವಗಳು ಕೂಡಿ ಅದನ್ನು ಸವೆಸುತ್ತವೆ. ಅನೇಕ ಕಾರುಗಳಲ್ಲಿ ಅದನ್ನು ತೆಗೆಯಲು ಇಡೀ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾದುದರಿಂದ ಕೂಲಿಯ ಪಾಲು ದೊಡ್ಡದು. ಆದ್ದರಿಂದ ಬಿಚ್ಚುವ ಮೊದಲು ಸೋರಿಕೆ ಅಲ್ಲಿಯೇ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ಬಿಚ್ಚಿದ ಮೇಲೆ ಎಕ್ಸ್‌ಪಾನ್ಶನ್ ವಾಲ್ವ್, ಡ್ರೈಯರ್, ರಬ್ಬರ್ ರಿಂಗುಗಳನ್ನೂ ಬದಲಿಸಿ, ವ್ಯಾಕ್ಯೂಮ್ ಮಾಡಿಸಿ, ಗ್ಯಾಸನ್ನು ತೂಕದ ಪ್ರಕಾರವೇ ತುಂಬಿಸುವುದು ಲೇಸು.

ಎರಡನೆಯದು ಲೆಕ್ಕದ ನಷ್ಟ. ಕಾಯಿಲ್ ಬದಲಿಸುವುದರಿಂದ ಹೊಸ ಆಸ್ತಿಯೇನೂ ಹುಟ್ಟುವುದಿಲ್ಲ. ಇದ್ದ ವಾಹನ ಮೊದಲಿನ ಸ್ಥಿತಿಗೆ ಬರುತ್ತದೆ. ಆದಕಾರಣ ಇದು ರಾಜಸ್ವ ವೆಚ್ಚ. ಮನೆಬಳಕೆಯ ಪಾಲನ್ನು ಬಿಟ್ಟು ಉಳಿದುದನ್ನು ಅದೇ ವರ್ಷದ ಲಾಭದಿಂದ ಕಳೆಯಬಹುದು. ಎ.ಸಿ. ಇಲ್ಲದ ವಾಹನಕ್ಕೆ ಹೊಸದಾಗಿ ಅಳವಡಿಸಿದರೆ ಮಾತ್ರ ಅದು ಬಂಡವಾಳ ವೆಚ್ಚ. ಅದನ್ನು ಸವಕಳಿಯ ಮೂಲಕ ಕಳೆಯಬೇಕು. ಆದರೆ ಬಿಲ್ಲಿಲ್ಲದ ಖರ್ಚನ್ನು ಸಮರ್ಥಿಸುವುದು ಕಷ್ಟ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯವರು ಸಾಮಾನ್ಯವಾಗಿ ಆ ವೆಚ್ಚವನ್ನು ಮಾನ್ಯ ಮಾಡುವುದಿಲ್ಲ.

ಜಿ.ಎಸ್.ಟಿ. ಕುರಿತೂ ತಪ್ಪು ಕಲ್ಪನೆಗಳಿವೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ದರ ಶೇ. 28ರಿಂದ 18ಕ್ಕೆ ಇಳಿದಿದೆ. ಆದರೆ 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಚಾಲಕನೂ ಸೇರಿ 13 ಆಸನದವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿಗೆ ತೆತ್ತ ತೆರಿಗೆಯ ಜಮೆ ಸಾಮಾನ್ಯ ವರ್ತಕರಿಗೆ ದೊರೆಯದು. ಉದಾಹರಣೆಗೆ, ದುರಸ್ತಿಗೆ 15,000 ರೂ., ತೆರಿಗೆ 2,700 ರೂ. ಆದರೆ, ಒಟ್ಟು 17,700 ರೂ.ಗಳನ್ನೂ ವೆಚ್ಚವೆಂದೇ ಬರೆಯಬೇಕು. ಸರಕು ಸಾಗಣೆಯ ಲಾರಿಗಳಿಗೆ ಈ ನಿರ್ಬಂಧವಿಲ್ಲ. ಮಾರುವ ಸರಕಿಗೆ ತೆರಿಗೆ ಇರುವಷ್ಟರ ಮಟ್ಟಿಗೆ ಜಮೆ ಪಡೆಯಬಹುದು. ಹೊಸದಾಗಿ ತಯಾರಾಗುವ 3.5 ಟನ್ ಮೀರಿದ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿರುವುದರಿಂದ ಈ ವ್ಯತ್ಯಾಸ ಇನ್ನು ಮುಂದೆ ಸಣ್ಣದಲ್ಲ.

ಗ್ಯಾರೇಜು ನಡೆಸುವ ನಮ್ಮ ಸದಸ್ಯ ಬಾಂಧವರಲ್ಲೂ ಒಂದು ವಿನಂತಿ. ಕೆಲಸಕ್ಕೆ ಮುನ್ನ ಬಿಡಿಭಾಗ, ಗ್ಯಾಸ್, ಕೂಲಿಗಳನ್ನು ಬೇರೆ ಬೇರೆಯಾಗಿ ತೋರಿಸಿ ಲಿಖಿತ ಅಂದಾಜು ಕೊಡಿ. ತೆಗೆದ ಹಳೆಯ ಕಾಯಿಲನ್ನು ಗ್ರಾಹಕರಿಗೆ ತೋರಿಸಿ. ನೋಂದಣಿಯ ಮಿತಿಗಿಂತ ಕೆಳಗಿರುವ ಸಣ್ಣ ಗ್ಯಾರೇಜು ತೆರಿಗೆ ಹಾಕಬೇಕಾಗಿಲ್ಲ, ಆದರೆ ಅದರ ಸಾದಾ ಬಿಲ್ಲೂ ದಾಖಲೆಯೇ. ಪ್ರಾಮಾಣಿಕ ಮೆಕ್ಯಾನಿಕ್‌ನ ದೊಡ್ಡ ಮೊತ್ತವನ್ನು ಗ್ರಾಹಕ ಅನುಮಾನಿಸುವುದು ಅದರ ವಿವರ ಕಾಗದದ ಮೇಲೆ ಇಲ್ಲದಿರುವಾಗಲೇ.