ಸೇರಿಸಿದ್ದಕ್ಕೆ ಲೆಕ್ಕವಿರಲಿ

ಕಂಪ್ಯೂಟರಿನಲ್ಲಿ ಎರಡಕ್ಷರ ಬರೆದೊಡನೆ ಬೇಕಾದ ತಂತ್ರಾಂಶವನ್ನು ತೆರೆದುಕೊಡುವ ಸಾಧನಕ್ಕೆ ಲಾಂಚರ್ ಎಂದು ಹೆಸರು. ಲಿನಕ್ಸಿನಲ್ಲಿ ನಡೆಯುವ ಯುಲಾಂಚರ್ ಇಂಥದೊಂದು. ನಿಘಂಟು ನೋಡುವುದೇ ಮೊದಲಾದ ಹೊಸ ಶಕ್ತಿಗಳನ್ನು ಪ್ಲಗಿನ್ನುಗಳ ಮೂಲಕ ಅದಕ್ಕೆ ಜೋಡಿಸಬಹುದು.

ಈ ಪ್ಲಗಿನ್ ಎಂಬುದು ಅನ್ಯರು ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು. ಅದು ನಡೆಯುವುದು ನಮ್ಮ ಅಧಿಕಾರದಿಂದ. ನಾವು ಓದಬಲ್ಲ ಕಡತಗಳನ್ನೆಲ್ಲ ಅದೂ ಓದಬಲ್ಲದು. ಆದುದರಿಂದ ಕಣ್ಣುಮುಚ್ಚಿ ಗುಂಡಿಯೊತ್ತಿ ಸೇರಿಸುವುದಕ್ಕಿಂತ, ಆಜ್ಞೆಯನ್ನು ಬರೆದು ಸೇರಿಸುವುದೇ ವಿದ್ಯಾರ್ಥಿಗಳಿಗೆ ಲೇಸೆಂದು ನಮ್ಮ ಮತ.

ಇದಕ್ಕೆ ಸಾಧನವೂ ಉಂಟು. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಆಜ್ಞೆಗಳಿಂದ ನಡೆಯುವಂಥದು. ‘ಗಿಟ್ ಕ್ಲೋನ್’ ಎಂದು ಬರೆದು ಪ್ಲಗಿನ್ನಿನ ಪ್ರತಿಯನ್ನು ತರಿಸಿ, ಓದಿ, ಒಪ್ಪಿಗೆಯಾದ ಬಳಿಕವೇ ಲಾಂಚರಿಗೆ ಸೇರಿಸಬಹುದು. ಪ್ರತಿಯೊಂದು ಆವೃತ್ತಿಗೂ ಸಾಮಾನ್ಯವಾಗಿ 40 ಅಂಕಿ-ಅಕ್ಷರಗಳ ಗುರುತುಂಟು. ಒಳಗಿನ ಒಂದಕ್ಷರ ಬದಲಾದರೂ ಗುರುತು ಬೇರೆಯಾಗುತ್ತದೆ. ಅದನ್ನು ಬರೆದಿಟ್ಟರೆ, ಗೋಕಾಕದಲ್ಲಿ ಪರೀಕ್ಷಿಸಿದ ಪ್ರತಿಯನ್ನೇ ಮೂಡಲಗಿಯವರೂ ಹುಕ್ಕೇರಿಯವರೂ ‘ಗಿಟ್ ಚೆಕ್‌ಔಟ್’ ಆಜ್ಞೆಯಿಂದ ಪಡೆಯಬಹುದು.

ಗುಂಡಿಯೊತ್ತುವುದು ಸುಲಭವಲ್ಲವೇ ಎಂದು ಕೆಲವರು ಕೇಳಬಹುದು. ಸುಲಭವೇನೋ ನಿಜ, ಆದರೆ ಏನನ್ನು, ಯಾವ ಆವೃತ್ತಿಯಲ್ಲಿ ಸೇರಿಸಿದೆವೆಂಬ ನೆನಪು ನಮ್ಮಲ್ಲಿ ಉಳಿಯುವುದಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟಾಗ ಎಷ್ಟು ಬಿಟ್ಟರೆಂಬ ಲೆಕ್ಕ ಏಕೆ ಬೇಕೆಂಬುದನ್ನು ಘಟಪ್ರಭೆಯ ದಂಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಹಲವರು ಒಂದೇ ಕಂಪ್ಯೂಟರನ್ನು ಬಳಸುವ ಕಾಲೇಜಿನಲ್ಲಂತೂ ಈ ಎಚ್ಚರ ಇನ್ನೂ ಅವಶ್ಯ. ಪ್ಲಗಿನ್ನುಗಳ ಹೆಸರನ್ನೂ ಗುರುತನ್ನೂ ಒಂದು ಹಾಳೆಯಲ್ಲಿ ಬರೆದಿಡಿರಿ. ಹಾಳೆಯಲ್ಲಿಲ್ಲದ್ದು ಯಂತ್ರದಲ್ಲಿ ಕಂಡರೆ ತೆಗೆದುಹಾಕಿರಿ.